ಅಪ್ಪನಿಗೆ ಇನ್ನೊಂದು ಮದುವೆಯಾದರೆ ಮಕ್ಕಳ ಇನ್ಶೂರೆನ್ಸ್ ಕಾರ್ಡ್ ಯಾರ ಕೈಲಿ?

ಪ್ರಶ್ನೆ: ನಮಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಗಿ ನಾಲ್ಕು ವರ್ಷ ಆಯಿತು. ಮಗಳಿಗೆ 13, ಮಗನಿಗೆ 9 ವರ್ಷ. ಇಬ್ಬರೂ ನನ್ನ ಜೊತೆಯಲ್ಲೇ ಇದ್ದಾರೆ. ನಾನು ಶಾಲಾ ಶಿಕ್ಷಕಿ, ಸಂಬಳ 38,000. ಅವರು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ಕೈಗೆ ಸುಮಾರು 1.40 ಲಕ್ಷ ಬರುತ್ತದೆ. ಮಕ್ಕಳಿಗೆ ತಿಂಗಳಿಗೆ 20,000 ಕೊಡಬೇಕು, ಮೆಡಿಕಲ್ ಇನ್ಶೂರೆನ್ಸ್ ತಂದೆಯದ್ದು ಅಂತ ರಾಜಿ ಪತ್ರದಲ್ಲಿದೆ. ಎರಡು ವರ್ಷದ ಹಿಂದೆ ಅವರು ಮರುಮದುವೆಯಾದರು. ಈಗ ಮಗುವಾಗಿದೆ. ‘ನನಗೂ ಸಂಸಾರ ಇದೆ’ ಅಂತ ಮೂರು ತಿಂಗಳಿಂದ 10,000 ಮಾತ್ರ ಹಾಕುತ್ತಿದ್ದಾರೆ. ಮೊನ್ನೆ ಮಗನಿಗೆ ವೀಸಿಂಗ್ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದಾಗ ಇನ್ಶೂರೆನ್ಸ್ ಕಾರ್ಡಿನಲ್ಲಿ ಅವನ ಹೆಸರೇ ಇಲ್ಲ ಅಂದರು. 46,000 ನಾನೇ ಕಟ್ಟಿದೆ. ಕೇಳಿದರೆ, ‘ಆಫೀಸಿನಲ್ಲಿ ಇಬ್ಬರು ಮಕ್ಕಳಿಗೆ ಮಾತ್ರ ಅವಕಾಶ’ ಎನ್ನುತ್ತಾರೆ. ಕೋರ್ಟಿಗೆ ಹೋದರೆ ಮಕ್ಕಳನ್ನು ನೋಡಲು ಬರುವುದನ್ನೂ ನಿಲ್ಲಿಸುತ್ತಾರಂತೆ. ನಮ್ಮ ಮನೆಯಲ್ಲಿ ನನಗೂ ಒಂದು ಸಂಬಂಧ ನೋಡುತ್ತಿದ್ದಾರೆ. ನಾನು ಮದುವೆಯಾದರೆ ಮಕ್ಕಳ ಹಣ ಪೂರ್ತಿ ನಿಂತುಹೋಗುತ್ತದಾ?
— ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಆ ಭಯದಲ್ಲೇ ನೀವು ಮೂರು ತಿಂಗಳು ಸುಮ್ನೆ ಕೂತಿದ್ದೀರಿ ಅನ್ನಿಸುತ್ತದೆ. ನಿಲ್ಲುವುದಿಲ್ಲ. ಅವರು ಮದುವೆಯಾದರೂ ನಿಲ್ಲುವುದಿಲ್ಲ, ನೀವು ಮದುವೆಯಾದರೂ ನಿಲ್ಲುವುದಿಲ್ಲ.

ಗೊಂದಲ ಎಲ್ಲಿಂದ ಬರುತ್ತದೆ ಅಂದರೆ, ಹೆಂಡತಿಯ ಜೀವನಾಂಶ ಮತ್ತು ಮಕ್ಕಳ ಜೀವನಾಂಶ ಎರಡನ್ನೂ ಜನ ಒಂದೇ ಗಂಟು ಕಟ್ಟುತ್ತಾರೆ. ವಿಚ್ಛೇದನ ಪಡೆದ ಹೆಂಡತಿ ಮರುಮದುವೆಯಾದರೆ ಅವಳಿಗೆ ಬರುತ್ತಿದ್ದ ಜೀವನಾಂಶದ ಹಕ್ಕು ಹೋಗಬಹುದು, ಅದು ನಿಜ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಕೋರ್ಟು ಆ ಆದೇಶವನ್ನು ಬದಲಿಸಬಹುದು, ರದ್ದೂ ಮಾಡಬಹುದು. ಮಕ್ಕಳ ವಿಷಯ ಇರುವುದು ಅದರ ಪಕ್ಕದ 26ನೇ ಸೆಕ್ಷನ್‌ನಲ್ಲಿ. ಅಲ್ಲಿ ತಾಯಿ ಮದುವೆಯಾದಳೋ, ತಂದೆ ಮದುವೆಯಾದನೋ ಅನ್ನುವ ಪ್ರಶ್ನೆಯೇ ಇಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಕೂಡ ತಂದೆ ತಾಯಿ ಇಬ್ಬರೂ ಮಕ್ಕಳನ್ನು ಸಾಕಬೇಕು ಅನ್ನುತ್ತದೆ. ಮೊದಲ ಮದುವೆಯ ಮಕ್ಕಳು, ಎರಡನೇ ಮದುವೆಯ ಮಕ್ಕಳು ಅಂತ ಅದರಲ್ಲಿ ಭೇದವಿಲ್ಲ. ಅದೇ ಕಾಯ್ದೆ ‘ಜೀವನಾಂಶ’ ಅಂದರೆ ಏನು ಅಂತಲೂ ಬಿಡಿಸಿ ಹೇಳಿದೆ: ಊಟ, ಬಟ್ಟೆ, ಮನೆ, ಓದು, ಜೊತೆಗೆ ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆ. ಮಗನ ಆಸ್ಪತ್ರೆ ಬಿಲ್ಲು ಅಪ್ಪ ದೊಡ್ಡ ಮನಸ್ಸು ಮಾಡಿ ಕಟ್ಟುವ ಹಣವಲ್ಲ, ಅದೂ ಜೀವನಾಂಶವೇ.

ಈ ಕಾಯ್ದೆ ಹಿಂದೂಗಳಿಗೆ ಅನ್ವಯಿಸುವಂಥದ್ದು. ಬೇರೆ ಧರ್ಮದ ಓದುಗರಿಗೆ ಒಂದು ಮಾತು: ಜೀವನಾಂಶ ಕೊಡಿಸುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿಯ 125ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಅದು ಎಲ್ಲ ಧರ್ಮದ ಮಕ್ಕಳಿಗೂ ಒಂದೇ.

ಇನ್ನು ‘ನನಗೂ ಸಂಸಾರ ಇದೆ’ ಅನ್ನುವ ಮಾತು. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಹುಟ್ಟಿದ ಆ ಮಗುವೂ ಅವರದ್ದೇ, ಅದಕ್ಕೂ ಹಾಲು ಬೇಕು, ಲಸಿಕೆ ಬೇಕು. ಕೋರ್ಟಿನಲ್ಲಿ ನ್ಯಾಯಾಧೀಶರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಲೆಕ್ಕ ಹಾಕಬೇಕಾದವರು ನ್ಯಾಯಾಧೀಶರು, ನಿಮ್ಮ ಮಾಜಿ ಪತಿಯಲ್ಲ. ಡಿಕ್ರಿಯಲ್ಲಿ, ಅಂದರೆ ರಾಜಿಯನ್ನು ಒಪ್ಪಿ ಕೋರ್ಟು ಕೊಟ್ಟ ವಿಚ್ಛೇದನದ ಆದೇಶದಲ್ಲಿ, 20,000 ಅಂತ ಇದ್ದರೆ, ಅದನ್ನು ಕಡಿಮೆ ಮಾಡಿಕೊಡಿ ಅಂತ ಅವರು ಅರ್ಜಿ ಹಾಕಿ, ಕಾರಣ ತೋರಿಸಿ, ಆದೇಶ ತರಬೇಕು. ಅಲ್ಲಿಯವರೆಗೆ ಹಾಕದೇ ಉಳಿದ ತಿಂಗಳಿಗೆ 10,000ದಂತೆ 30,000 ರೂಪಾಯಿ ಬಾಕಿಯೇ. ರಿಯಾಯಿತಿ ಅಂತ ಒಪ್ಪಿಕೊಂಡು ವಾಟ್ಸ್ಆ್ಯಪ್‌ನಲ್ಲಿ ‘ಪರವಾಗಿಲ್ಲ’ ಅಂತ ಏನಾದರೂ ಬರೆದಿದ್ದೀರಾ? ಬರೆದಿಲ್ಲದಿದ್ದರೆ ಬರೆಯಲೇಬೇಡಿ. ಬರೆದಿದ್ದರೂ ಹೆದರಬೇಡಿ. ತನ್ನ ಜೀವನಾಂಶ ಬೇಡ ಅಂತ ತಾಯಿ ಹೇಳಬಹುದು, ಮಕ್ಕಳ ಹಕ್ಕನ್ನು ಮಕ್ಕಳ ಪರವಾಗಿ ಬಿಟ್ಟುಕೊಡುವಂತಿಲ್ಲ. ಸುಪ್ರೀಂ ಕೋರ್ಟು ಇದನ್ನು ಹೇಳಿದೆ.

ಅರ್ಜಿ ಹಾಕಿದರೆ ಅವರಿಗೆ ಲಾಭವೇ ಆಗುತ್ತದೆ ಅಂತಲೂ ಇಲ್ಲ. ರಜನೀಶ್ ವಿರುದ್ಧ ನೇಹಾ ಅಂತ 2020ರ ನವೆಂಬರಿನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಕೊಡಲೇಬೇಕು. ಸಂಬಳದ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು, ಷೇರು, ಸೈಟು ಎಲ್ಲ ಹೊರಗೆ ಬರುತ್ತದೆ. ಹೊಸ ಹೆಂಡತಿಗೆ ನಿಮ್ಮ ಮಕ್ಕಳನ್ನು ಸಾಕುವ ಹೊಣೆ ಇಲ್ಲ, ಅವರನ್ನು ಕೇಸಿಗೆ ಎಳೆಯಬೇಡಿ. ಆದರೆ ಅವರೂ ಕೆಲಸಕ್ಕೆ ಹೋಗುತ್ತಿದ್ದರೆ ‘ನನ್ನೊಬ್ಬನ ದುಡಿಮೆಯಲ್ಲಿ ಎರಡು ಮನೆ’ ಅನ್ನುವ ವಾದಕ್ಕೆ ಬಲ ಇರುವುದಿಲ್ಲ.

ನಿಮ್ಮ ಕಡೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅಫಿಡವಿಟ್ಟಿನಲ್ಲಿ ನಿಮ್ಮ 38,000 ಕೂಡ ಬರುತ್ತದೆ. ದುಡಿಯುವ ತಾಯಿಯೂ ಪಾಲು ಹಾಕಬೇಕು ಅಂತ ಪದ್ಮಜಾ ಶರ್ಮಾ ಪ್ರಕರಣದಲ್ಲಿ 2000ದಲ್ಲೇ ತೀರ್ಪಾಗಿದೆ. ಅಲ್ಲಿ ಇಬ್ಬರ ಆದಾಯ ನೋಡಿ ತಂದೆಗೆ ಎರಡು ಪಾಲು, ತಾಯಿಗೆ ಒಂದು ಪಾಲು ಅಂತ ಹಂಚಿದರು. ನಿಮ್ಮಿಬ್ಬರ ಆದಾಯ ಕೂಡಿಸಿದರೆ 1.78 ಲಕ್ಷ. ಅದರಲ್ಲಿ ಅವರದ್ದು ನೂರಕ್ಕೆ 78ಕ್ಕಿಂತ ಸ್ವಲ್ಪ ಜಾಸ್ತಿ. ಇಬ್ಬರು ಮಕ್ಕಳ ಸ್ಕೂಲ್ ಫೀಸು, ವ್ಯಾನು, ಟ್ಯೂಷನ್, ಊಟ, ಬಾಡಿಗೆಯಲ್ಲಿ ಮಕ್ಕಳ ಪಾಲು ಎಲ್ಲ ಸೇರಿ ತಿಂಗಳಿಗೆ 40,000 ಖರ್ಚು ಅಂತ ಇಟ್ಟುಕೊಂಡರೆ, ತಂದೆಯ ಭಾಗ ಸುಮಾರು 31,000 ಆಗುತ್ತದೆ. ಕೋರ್ಟು ಹೀಗೆ ಕ್ಯಾಲ್ಕುಲೇಟರ್ ಒತ್ತಿ ಆದೇಶ ಮಾಡುವುದಿಲ್ಲ, ಹೊಸ ಮಗುವನ್ನೂ ನೋಡುತ್ತದೆ. ಆದರೂ ನಾಲ್ಕು ವರ್ಷದ ಹಿಂದಿನ 20,000 ಈಗ ಜಾಸ್ತಿಯಾಗಬೇಕೇ ಹೊರತು ಅರ್ಧವಾಗುವ ಮೊತ್ತವಲ್ಲ. ಅವರು ಇಳಿಸಲು ಅರ್ಜಿ ಹಾಕಿದರೆ, ನೀವು ಏರಿಸಲು ಹಾಕಬಹುದು. ಇದನ್ನು ಅವರ ವಕೀಲರಿಗೆ ಯಾರಾದರೂ ಹೇಳಿದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಇದು ಜೀವನಾಂಶದ ಮಾತಾಯಿತು. ನನ್ನನ್ನು ಕೇಳಿದರೆ ನಿಮ್ಮ ಪತ್ರದಲ್ಲಿ ದೊಡ್ಡ ಸಮಸ್ಯೆ ಅದಲ್ಲ. ಆ 46,000ದ ಬಿಲ್ಲು. ತಿಂಗಳ ಹಣ ಕಡಿಮೆ ಬಂದರೆ ಒಂದನೇ ತಾರೀಕೇ ಮೊಬೈಲಿಗೆ ಮೆಸೇಜು ಬರುತ್ತದೆ. ಇನ್ಶೂರೆನ್ಸ್ ಹೋದರೆ ಯಾವ ಮೆಸೇಜೂ ಬರುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಮಗು ಉಸಿರಾಡಲು ಕಷ್ಟಪಡುತ್ತಿರುವಾಗ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನ ಹುಡುಗ ಹೇಳಿದಾಗಲೇ ಗೊತ್ತಾಗುವುದು. ನನ್ನ ಬಳಿ ಬಂದ ಒಬ್ಬ ತಾಯಿಗೂ ಹೀಗೇ ಆಯಿತು. ಮಗಳಿಗೆ ಡೆಂಗಿ. ಅಪ್ಪ ಕೆಲಸ ಬಿಟ್ಟು ಹೊಸ ಕಂಪನಿ ಸೇರುವ ನಡುವೆ ಮೂರು ವಾರ ಖಾಲಿ. ಸರಿಯಾಗಿ ಆ ಮೂರು ವಾರದಲ್ಲೇ ಜ್ವರ. ಅಪ್ಪನಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಹೇಳಬೇಕು ಅಂತ ಹೊಳೆದಿರಲಿಲ್ಲ ಅಷ್ಟೇ.

ಆಫೀಸಿನ ಇನ್ಶೂರೆನ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ. ಕಂಪನಿ ಕೊಡುವ ಗ್ರೂಪ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಉದ್ಯೋಗಿ, ಗಂಡ ಅಥವಾ ಹೆಂಡತಿ, ಇಬ್ಬರು ಮಕ್ಕಳು ಇರುತ್ತಾರೆ. ಹೆಸರು ಸೇರಿಸುವುದು, ತೆಗೆಯುವುದು ವರ್ಷಕ್ಕೊಮ್ಮೆ ರಿನೀವಲ್ ಸಮಯದಲ್ಲಿ. ಮದುವೆ ಆದಾಗ, ಮಗು ಹುಟ್ಟಿದಾಗ ಮಾತ್ರ ನಡುವೆ ಒಂದು ಕಿಟಕಿ ತೆರೆಯುತ್ತಾರೆ. ವಿಚ್ಛೇದನವಾದರೆ ಹೆಂಡತಿಯ ಹೆಸರು ಹೋಗುತ್ತದೆ, ಮಕ್ಕಳ ಹೆಸರು ಹೋಗಬೇಕಾಗಿಲ್ಲ. ಮಕ್ಕಳು ಯಾರ ಮನೆಯಲ್ಲಿದ್ದರೂ ಅವರು ಉದ್ಯೋಗಿಯ ಮಕ್ಕಳೇ. ನಿಮ್ಮ ವಿಷಯದಲ್ಲಿ ಆಗಿರುವುದು ಬಹುಶಃ ಇಷ್ಟು: ಹೊಸ ಮಗು ಹುಟ್ಟಿದಾಗ ಕಿಟಕಿ ತೆರೆಯಿತು, ಜಾಗ ಎರಡೇ ಇತ್ತು, ಮಗನ ಹೆಸರು ಹೊರಗೆ ಬಿತ್ತು. ‘ಇಬ್ಬರಿಗೆ ಮಾತ್ರ ಅವಕಾಶ’ ಅನ್ನುವುದು ಸುಳ್ಳಲ್ಲದೇ ಇರಬಹುದು. ಆದರೆ ಅದು ಅವರ ಆಫೀಸಿನ ನಿಯಮ, ನಿಮ್ಮ ಡಿಕ್ರಿಯ ನಿಯಮವಲ್ಲ. ಡಿಕ್ರಿಯಲ್ಲಿ ಇಬ್ಬರೂ ಮಕ್ಕಳ ಇನ್ಶೂರೆನ್ಸ್ ತಂದೆಯದ್ದು ಅಂತಿದ್ದರೆ, ಆಫೀಸಿನಲ್ಲಿ ಜಾಗವಿಲ್ಲದಿದ್ದರೆ ಹೊರಗೆ ಪಾಲಿಸಿ ಕೊಡಿಸಬೇಕು. ಕೆಲವು ಕಂಪನಿಗಳು ಮೂರನೇ ಮಗುವಿಗೆ ಉದ್ಯೋಗಿಯ ಸಂಬಳದಿಂದ ಪ್ರೀಮಿಯಂ ಹಿಡಿದು ಹೆಸರು ಸೇರಿಸಿಕೊಳ್ಳುತ್ತವೆ. ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳುವಷ್ಟು ಕೆಲಸ. ಅದನ್ನಾದರೂ ಮಾಡಿದ್ದಾರಾ ಅಂತ ಕೇಳಿ.

ಇಲ್ಲಿ ಒಂದು ಅವಕಾಶ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಗ್ರೂಪ್ ಪಾಲಿಸಿಯಲ್ಲಿದ್ದವರು, ಅವರ ಮನೆಯವರೂ ಸೇರಿ, ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ ಅವಕಾಶವಿದೆ. ಇದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಲಾಭ ಏನೆಂದರೆ, ಗ್ರೂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಸೇರುತ್ತವೆ. ವೀಸಿಂಗ್ ಇರುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ಹೊಸದಾಗಿ ಪಾಲಿಸಿ ತೆಗೆದುಕೊಂಡರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು (2024ಕ್ಕೆ ಮುಂಚೆ ಇದು ನಾಲ್ಕು ವರ್ಷ ಇತ್ತು). ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಮೊದಲ 30 ದಿನ ಸಾಮಾನ್ಯವಾಗಿ ಕ್ಲೈಮ್ ಇಲ್ಲ. ಮಗನ ಹೆಸರು ಈಚೆಗೆ ತೆಗೆದಿದ್ದರೆ, ವಿಮಾ ಕಂಪನಿಗೆ ತಡ ಮಾಡದೆ ಬರೆಯಿರಿ. ಪಾಲಿಸಿ ನಂಬರು ಮತ್ತು ಯಾವ ದಿನದವರೆಗೆ ಹೆಸರಿತ್ತು ಅನ್ನುವ ದಾಖಲೆಯನ್ನು ಅಪ್ಪನೇ ಕೊಡಬೇಕು. ಕಂಪನಿ ತನ್ನ ಪರಿಶೀಲನೆ ಮಾಡುತ್ತದೆ, ಹೂಂ ಅಂದೇಬಿಡುತ್ತದೆ ಅಂತ ನಾನು ಹೇಳಲಾರೆ. ಕೇಳದೇ ಬಿಡುವುದಂತೂ ತಪ್ಪು.

ಅದು ಆಗಲಿ ಬಿಡಲಿ, ನಿಮ್ಮ ಹೆಸರಿನಲ್ಲಿ ಒಂದು ಫ್ಯಾಮಿಲಿ ಫ್ಲೋಟರ್ (ಮನೆಯವರೆಲ್ಲರಿಗೂ ಸೇರಿ ಒಂದೇ ಆರೋಗ್ಯ ಪಾಲಿಸಿ) ಇರಲಿ. ನೀವು, ಮಗಳು, ಮಗ. ‘ಅವರು ಕೊಡಬೇಕಾದ್ದನ್ನು ನಾನ್ಯಾಕೆ ಕೊಡಲಿ’ ಅಂತ ನಿಮಗೆ ಅನ್ನಿಸಬಹುದು. ನ್ಯಾಯದ ಮಾತೇ. ಪ್ರೀಮಿಯಂ ಹಣ ಅವರಿಂದ ಕೇಳಿ, ರಾಜಿಯಲ್ಲಿ ಬರೆಸಿ. ಆದರೆ ಪಾಲಿಸಿ ನಿಮ್ಮ ಹೆಸರಿನಲ್ಲಿ, ರಿನೀವಲ್ ಮೆಸೇಜು ನಿಮ್ಮ ಮೊಬೈಲಿಗೆ, ಕಾರ್ಡು ನಿಮ್ಮ ಪರ್ಸಿನಲ್ಲಿ. ಅವರು ಕೆಲಸ ಬಿಡಲಿ, ಅಮೆರಿಕಕ್ಕೆ ಹೋಗಲಿ, ಮುನಿಸಿಕೊಳ್ಳಲಿ, ಇದು ನಿಲ್ಲುವುದಿಲ್ಲ. ಹಣ ಕೊಡದಿದ್ದರೆ ಬಾಕಿ ಅಂತ ವಸೂಲಿ ಮಾಡಬಹುದು. ನಿಂತುಹೋದ ಪಾಲಿಸಿಯನ್ನು ಐಸಿಯು ಬಾಗಿಲಲ್ಲಿ ನಿಂತು ವಸೂಲಿ ಮಾಡಲು ಆಗುವುದಿಲ್ಲ. ಸ್ವಂತ ಪಾಲಿಸಿಗಳ ಪ್ರೀಮಿಯಂ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಇಲ್ಲ. ಅರ್ಜಿಯಲ್ಲಿ ಮಗನ ವೀಸಿಂಗ್, ಇನ್ಹೇಲರ್, ಮೊನ್ನೆಯ ಅಡ್ಮಿಷನ್ ಎಲ್ಲವನ್ನೂ ಬರೆಯಿರಿ. ‘ಅದೆಲ್ಲ ಬೇಡ ಮೇಡಂ, ಪ್ರೀಮಿಯಂ ಜಾಸ್ತಿ ಆಗತ್ತೆ’ ಅನ್ನುವ ಏಜೆಂಟರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಮುಚ್ಚಿಟ್ಟ ಒಂದು ಸಾಲು ಸಾಕು, ಕ್ಲೈಮು ತಳ್ಳಿಹಾಕಲು.

ಎರಡು ಪಾಲಿಸಿ ಇದ್ದರೆ ವ್ಯರ್ಥ ಅಂತಲ್ಲ. ಮಗಳ ಹೆಸರು ಅವರ ಆಫೀಸಿನಲ್ಲಿ ಇದ್ದೇ ಇದೆಯಲ್ಲ, ಮೊದಲು ಅದನ್ನು ಬಳಸಿ. ಬಿಲ್ಲು ಅದಕ್ಕಿಂತ ಜಾಸ್ತಿ ಬಂದರೆ ಉಳಿದದ್ದನ್ನು ನಿಮ್ಮ ಪಾಲಿಸಿಯಿಂದ ಕೇಳಬಹುದು. ಮೊದಲ ಕಂಪನಿಯ ಸೆಟ್ಲ್‌ಮೆಂಟ್ ಪತ್ರವನ್ನು ಮಾತ್ರ ಜೋಪಾನ ಮಾಡಿ.

ಆಫೀಸ್ ಪಾಲಿಸಿಯ ಬಗ್ಗೆ ಇನ್ನೊಂದು ಜಗಳದ ಮೂಲ ಹೇಳಲೇಬೇಕು. ಕ್ಯಾಶ್‌ಲೆಸ್ ಸಿಗದೆ ನೀವು ಹಣ ಕಟ್ಟಿ, ಆಮೇಲೆ ಅವರು ಕ್ಲೈಮ್ ಹಾಕಿದರೆ, ಹಣ ಬರುವುದು ಉದ್ಯೋಗಿಯ ಬ್ಯಾಂಕ್ ಖಾತೆಗೆ. ಕಟ್ಟಿದ್ದು ನೀವು, ಬಂದಿದ್ದು ಅವರಿಗೆ. ‘ಇನ್ನೂ ಬಂದಿಲ್ಲ’ ಅಂತ ಆರು ತಿಂಗಳು ಎಳೆದವರನ್ನು ನೋಡಿದ್ದೇನೆ. ಒರಿಜಿನಲ್ ಬಿಲ್ಲು ಕೊಡುವ ಮುಂಚೆ ಎಲ್ಲದರ ಫೋಟೋ ತೆಗೆಯಿರಿ, ಕೊಟ್ಟ ದಿನ ಮೇಲ್ ಮಾಡಿ. ಹಣ ಬಂದ ಏಳು ದಿನದೊಳಗೆ ನಿಮಗೆ ಕಳಿಸಬೇಕು ಅನ್ನುವ ಒಂದು ವಾಕ್ಯ ಹೊಸ ರಾಜಿಯಲ್ಲಿ ಇರಲಿ.

ಹೊಸ ರಾಜಿ ಅಂದೆ. ನೇರವಾಗಿ ಕೇಸು ಹಾಕುವ ಮುಂಚೆ ಒಂದು ಲೀಗಲ್ ನೋಟಿಸ್ ಕಳಿಸಿ, ಬಾಕಿ 30,000 ಮತ್ತು ಆಸ್ಪತ್ರೆಯ 46,000 ಎರಡನ್ನೂ ಕೇಳಿ. ಅವರು ಇನ್ನೂ ಅರ್ಧವಾದರೂ ಹಾಕುತ್ತಿದ್ದಾರೆ, ಫೋನಿಗೆ ಸಿಗುತ್ತಾರೆ. ಇಂಥವರು ಮಾತಿಗೆ ಬರುತ್ತಾರೆ ಅನ್ನುವುದು ನನ್ನ ಅನುಭವ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಫ್ಯಾಮಿಲಿ ಕೋರ್ಟೂ ಇದೆ, ಕೂತು ಮಾತಾಡಿ ರಾಜಿ ಮಾಡಿಸುವ ಮೀಡಿಯೇಷನ್ ಸೆಂಟರೂ ಇದೆ. ಬಹುಶಃ ನಿಮ್ಮ ಮೊದಲ ರಾಜಿಯೂ ಅಲ್ಲೇ ಆಗಿರಬಹುದು. ಈ ಸಲ ‘ಮೆಡಿಕಲ್ ಇನ್ಶೂರೆನ್ಸ್ ತಂದೆಯದ್ದು’ ಅಂತ ಮೂರು ಪದ ಬರೆದು ಏಳಬೇಡಿ. ಇಬ್ಬರು ಮಕ್ಕಳಿಗೂ ಕನಿಷ್ಠ ಎಷ್ಟು ಲಕ್ಷದ ರಕ್ಷಣೆ, ಹೆಸರು ತೆಗೆಯುವ ಅಥವಾ ಕೆಲಸ ಬದಲಿಸುವ ಎಷ್ಟು ದಿನ ಮುಂಚೆ ತಿಳಿಸಬೇಕು, ಪ್ರತಿ ವರ್ಷ ರಿನೀವಲ್ ಆದ ಕೂಡಲೇ ಇ-ಕಾರ್ಡು ಮತ್ತು ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೈಮ್ ನೋಡುವ ಸಂಸ್ಥೆ) ನಂಬರು ನಿಮಗೆ ಬರಬೇಕು, ಪಾಲಿಸಿ ಇಲ್ಲದ ದಿನ ಏನಾದರೂ ಆದರೆ ಪೂರ್ತಿ ಬಿಲ್ಲು ಅವರದ್ದು. ಪಾಲಿಸಿಯೊಳಗೆ ಬಾರದ ಖರ್ಚುಗಳೇ ಮಕ್ಕಳ ವಿಷಯದಲ್ಲಿ ಜಾಸ್ತಿ: ಒಪಿಡಿ, ಇನ್ಹೇಲರ್, ಕನ್ನಡಕ, ಹಲ್ಲಿನ ಕ್ಲಿಪ್ಪು. ಅದಕ್ಕೂ ಯಾರದ್ದೆಷ್ಟು ಪಾಲು ಅಂತ ಹಾಕಿ. ಜೀವನಾಂಶ ವರ್ಷಕ್ಕೆ ಇಂತಿಷ್ಟು ಏರಬೇಕು ಅನ್ನುವುದೂ ಇರಲಿ, ಇಲ್ಲದಿದ್ದರೆ ಮತ್ತೆ ನಾಲ್ಕು ವರ್ಷಕ್ಕೆ ಇದೇ ಪತ್ರ ಬರೆಯುತ್ತೀರಿ.

ವಯಸ್ಸಿನ ಬಗ್ಗೆಯೂ ಒಂದು ಸಾಲು ಹಾಕಿಸಿ. ಕಾನೂನಿನಲ್ಲಿ ಮಗನಿಗೆ ಜೀವನಾಂಶ ಸಾಮಾನ್ಯವಾಗಿ 18ಕ್ಕೆ ಮುಗಿಯುತ್ತದೆ. ಮಗಳಿಗೆ, ತನ್ನನ್ನು ತಾನು ನೋಡಿಕೊಳ್ಳಲಾಗದಿದ್ದರೆ, ಮದುವೆಯಾಗುವವರೆಗೂ ಹಕ್ಕಿದೆ. ಪಿಯುಸಿ ಮುಗಿಸಿ ಸಿಇಟಿ ಬರೆದು ಕಾಲೇಜಿನ ದೊಡ್ಡ ಫೀಸು ಕಟ್ಟಬೇಕಾದ ವರ್ಷವೇ ಮಗನಿಗೆ 18. ‘ಡಿಗ್ರಿ ಮುಗಿಯುವವರೆಗೆ’ ಅಂತ ಇಬ್ಬರೂ ಒಪ್ಪಿ ಬರೆದರೆ ಆ ಹಳ್ಳ ಮುಚ್ಚುತ್ತದೆ. ಇನ್ಶೂರೆನ್ಸ್‌ನಲ್ಲಿ ಅವಲಂಬಿತ ಮಕ್ಕಳನ್ನು ಸಾಮಾನ್ಯವಾಗಿ 25ರವರೆಗೆ ಸೇರಿಸಿಕೊಳ್ಳುತ್ತಾರೆ.

ಮಾತಿಗೆ ಬರಲಿಲ್ಲ ಅಂದರೆ? ಅದೇ ಫ್ಯಾಮಿಲಿ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಅನ್ನುವ ಅರ್ಜಿ, ಹಾಕಿ. ಅವರಿಗೆ ತಿಂಗಳ ಸಂಬಳ ಇರುವುದು ನಿಮಗೆ ಅನುಕೂಲ. ಬೇರೆ ಸಾಲಗಳಿಗೆ ಹೋಲಿಸಿದರೆ ಜೀವನಾಂಶಕ್ಕೆ ಕಾನೂನು ಬಿಗಿಯಾಗಿದೆ: ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ಜಪ್ತಿಯಿಂದ ವಿನಾಯಿತಿ. ಕಂಪನಿಗೆ ಕೋರ್ಟಿನ ಪತ್ರ ಹೋಗುತ್ತದೆ ಅಂದಾಗಲೇ ಎಷ್ಟೋ ಜನ ಬಾಕಿ ಕಟ್ಟಿಬಿಡುತ್ತಾರೆ. 144ನೇ ಸೆಕ್ಷನ್ ಅಡಿಯಲ್ಲಿ ಆದೇಶ ಪಡೆದವರು ನೆನಪಿಡಬೇಕಾದ್ದು, ಅಲ್ಲಿ ಬಾಕಿ ವಸೂಲಿಯ ವಾರಂಟಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಕೀಲರ ಫೀಸಿನ ಚಿಂತೆ ಇದ್ದರೆ, ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ.

ನಿಮ್ಮ ಮದುವೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಮದುವೆಯಾದರೆ ಮಕ್ಕಳ ಕಸ್ಟಡಿ ತಾನಾಗಿ ಕೈತಪ್ಪುವುದಿಲ್ಲ. ಹೊಸ ಗಂಡನಿಗೆ ನಿಮ್ಮ ಮಕ್ಕಳನ್ನು ಸಾಕುವ ಕಾನೂನಿನ ಹೊಣೆ ಬರುವುದಿಲ್ಲ, ಅವರು ಪ್ರೀತಿಯಿಂದ ಮಾಡಿದರೆ ಅದು ಬೇರೆ. ಒಂದೇ ಒಂದು ಕಡೆ ಎಚ್ಚರ ಬೇಕು. ಹೊಸ ಗಂಡ ಮಕ್ಕಳನ್ನು ಕಾನೂನು ಪ್ರಕಾರ ದತ್ತು ತೆಗೆದುಕೊಂಡರೆ ಹೆತ್ತ ತಂದೆಯ ಜೊತೆಗಿನ ಕಾನೂನಿನ ನಂಟು ಕಡಿಯುತ್ತದೆ, ಮುಂದಿನ ಜೀವನಾಂಶವೂ ಅದರ ಜೊತೆಗೆ ಹೋಗುತ್ತದೆ. ಅದಕ್ಕೆ ಹೆತ್ತ ತಂದೆಯ ಒಪ್ಪಿಗೆಯೂ ಬೇಕು. ಕೆಲವರು ಹೊಸ ಗಂಡನ ಆಫೀಸ್ ಇನ್ಶೂರೆನ್ಸ್ ಸಿಗಲಿ ಅಂತಲೇ ದತ್ತಕದ ಮಾತಾಡುತ್ತಾರೆ. ಒಂದು ಕಾರ್ಡಿಗಾಗಿ ಅಷ್ಟು ದೊಡ್ಡ ಹೆಜ್ಜೆ ಬೇಡ. ಮಲಮಕ್ಕಳನ್ನು ಸೇರಿಸಿಕೊಳ್ಳುವ ಪಾಲಿಸಿಗಳೂ ಇವೆ, ಸ್ವಂತ ಅಥವಾ ದತ್ತು ಮಕ್ಕಳು ಮಾತ್ರ ಅನ್ನುವವೂ ಇವೆ. ಎಚ್‌ಆರ್ ಬಳಿ ಕೇಳಿ ನೋಡಿ. ಸ್ವಂತ ಮಕ್ಕಳು ಅಂತ ಸುಳ್ಳು ಬರೆಸಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರಿಗೆ ಏನಾದರೂ ಆದರೆ ಅವರ ಸ್ವಂತ ಆಸ್ತಿಯಲ್ಲಿ, ವಿಲ್ ಬರೆದಿಲ್ಲದಿದ್ದರೆ, ನಿಮ್ಮ ಮಕ್ಕಳಿಗೂ ಹೊಸ ಮಗುವಿನಷ್ಟೇ ಪಾಲಿದೆ. ವಿಚ್ಛೇದನದಿಂದ ಅದು ಹೋಗಿಲ್ಲ. ಆದರೆ ವಿಲ್ ಬರೆಯಲು ಐದು ನಿಮಿಷ ಸಾಕು. ಹಾಗಾಗಿ ಮಕ್ಕಳ ಹೆಸರಿಗೆ ಒಂದು ಟರ್ಮ್ ಪಾಲಿಸಿ (ಅಪ್ಪ ತೀರಿಕೊಂಡರೆ ಹಣ ಬರುವ ಜೀವ ವಿಮೆ) ಮಾಡಿಸಿ ಅಂತ ಮೀಡಿಯೇಷನ್‌ನಲ್ಲಿ ಕೇಳಿ. ಜೀವನಾಂಶ ಏರಿಸಲು ಮುಖ ಗಂಟಿಕ್ಕುವ ಅಪ್ಪಂದಿರೂ ಇದಕ್ಕೆ ಬೇಗ ಒಪ್ಪುವುದನ್ನು ನೋಡಿದ್ದೇನೆ.

ಇನ್ನು ನೋಡಲು ಬರುವುದಿಲ್ಲ ಅನ್ನುವ ಬೆದರಿಕೆ. ಭೇಟಿ ಮತ್ತು ಹಣ ಬೇರೆ ಬೇರೆ. ಕೇಸು ಹಾಕಿದ್ದಕ್ಕೆ ಅವರು ಬರದಿದ್ದರೆ ಮಕ್ಕಳಿಗೆ ನೋವಾಗುತ್ತದೆ, ಅದಕ್ಕೆ ನನ್ನ ಹತ್ತಿರ ಕಾನೂನಿನ ಮದ್ದಿಲ್ಲ. ಯಾವ ಕೋರ್ಟೂ ಅಪ್ಪನನ್ನು ಕೈಹಿಡಿದು ಕರೆತರುವುದಿಲ್ಲ. ಆದರೆ ನೀವು ಮಾತ್ರ ‘ಹಣ ಹಾಕುವವರೆಗೆ ಮಕ್ಕಳನ್ನು ಕಳಿಸುವುದಿಲ್ಲ’ ಅನ್ನಬೇಡಿ, ಅದು ನಿಮ್ಮ ಕೇಸಿಗೇ ಪೆಟ್ಟು. ಭಾನುವಾರ ಬಂದರೆ ಎಂದಿನಂತೆ ಕಳಿಸಿ. ಮಗನ ಬ್ಯಾಗಿನಲ್ಲಿ ಇನ್ಹೇಲರ್, ಡಾಕ್ಟರ ಚೀಟಿ, ಹೊಸ ಪಾಲಿಸಿ ಬಂದ ಮೇಲೆ ಅದರ ಕಾರ್ಡಿನ ಜೆರಾಕ್ಸ್ ಇಡಿ. ವೀಸಿಂಗ್ ಅವರ ಮನೆಯಲ್ಲೂ ಬರಬಹುದು ಅಲ್ವಾ.